ಕಪ್ಪು ಟ್ರಫಲ್ ಕೈಗೆ ಸಿಕ್ಕರೆ ಹೀಗೆ ಬಳಸಿ

ಕಪ್ಪು ಟ್ರಫಲ್ ಎಂಬ ದುಬಾರಿ ಅಣಬೆ ಮನೆಗೆ ಬಂದ ದಿನ ಮಸಾಲೆ ಡಬ್ಬಿ ಮುಟ್ಟಬೇಡಿ. ನಮ್ಮ ಪೆರ್ಲ, ಬದಿಯಡ್ಕದ ಕಡೆ ಮಳೆ ಶುರುವಾದಾಗ ಕಲ್ಲಣಬೆ ಸಿಕ್ಕಿದರೆ ಕಾಯಿ ಅರೆದು ಖಾರವಾಗಿ ಗಸಿ ಮಾಡುತ್ತೇವೆ, ಅಲ್ವಾ? ಕಲ್ಲಣಬೆಗೆ ಅದೇ ಸರಿ. ಟ್ರಫಲ್ ಕೂಡ ಮರದ ಬೇರಿನ ಆಸರೆಯಲ್ಲಿ, ಮಣ್ಣಿನೊಳಗೆ ಬೆಳೆಯುವಂಥದ್ದೇ. ಆದರೆ ಜನ ಅಷ್ಟು ದುಡ್ಡು ಕೊಡುವುದು ಅದರ ಪರಿಮಳಕ್ಕೆ. ಕೊತ್ತಂಬರಿ, ಜೀರಿಗೆ ಬಿದ್ದರೆ ಆ ಪರಿಮಳ ಎಲ್ಲಿ ಹೋಯಿತೆಂದೇ ಗೊತ್ತಾಗುವುದಿಲ್ಲ.

ನಾನು ಇಟಲಿಯ ಉಂಬ್ರಿಯಾದಲ್ಲಿ, ಸ್ಪೊಲೆತೊ ಊರಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ಕಪ್ಪು ಟ್ರಫಲ್‌ಗೆ ಹೆಸರಾದ ನೊರ್ಚಾ ಅದೇ ಸೀಮೆಯ ಊರು. ಅಲ್ಲಿ ಟ್ರಫಲ್ ಹುಡುಕುವುದು ನಾಯಿಗಳು. ಹಂದಿ ಬಿಟ್ಟು ಹುಡುಕಿಸುವುದನ್ನು 1985ರಲ್ಲೇ ನಿಲ್ಲಿಸಿದರು. ನಾಯಿ ಮೂಸಿ ತೋರಿಸಿದ ಕಡೆ ಮಾತ್ರ ಅಗೆಯುತ್ತಾರೆ, ಯಾಕೆಂದರೆ ಬಲಿಯದ ಟ್ರಫಲ್‌ಗೆ ವಾಸನೆಯಿಲ್ಲ. ನೀವೂ ಹಾಗೆಯೇ ಮಾಡಿ, ಮೂಸಿ ನೋಡಿಯೇ ಕೊಳ್ಳಿ.

ಒಳ್ಳೆಯ ಕಪ್ಪು ಟ್ರಫಲ್ ಡಿಸೆಂಬರಿನಿಂದ ಮಾರ್ಚ್ ಮಧ್ಯದವರೆಗೆ ಸಿಗುತ್ತದೆ. ಮೈಮೇಲೆ ಸಣ್ಣ ಸಣ್ಣ ಗಂಟು, ಮುಟ್ಟಿದರೆ ಗಟ್ಟಿ. ಕತ್ತರಿಸಿದರೆ ಒಳಗೆ ನೇರಳೆ ಮಿಶ್ರಿತ ಕಪ್ಪು, ಅದರಲ್ಲಿ ತೆಳುವಾದ ಬಿಳಿ ಗೆರೆಗಳು. ಒಳಗೆ ತಿಳಿ ಕಂದು ಬಣ್ಣವಿದ್ದರೆ ಅದು ಬೇಸಿಗೆಯ ಜಾತಿ. ಬೆಲೆಯೂ ಕಡಿಮೆ, ಘಮವೂ ಕಡಿಮೆ. ಟ್ರಫಲ್ ಎಣ್ಣೆಯ ಬಾಟಲಿ ಮಾತ್ರ ಬೇಡ. ಹೆಚ್ಚಿನವುಗಳಲ್ಲಿ ಇರುವುದು ಕೃತಕ ವಾಸನೆ.

ತಂದ ಮೇಲೆ ತೊಳೆಯಬೇಡಿ. ಪೇಪರ್ ಟವೆಲಿನಲ್ಲಿ ಸುತ್ತಿ, ಮುಚ್ಚಳವಿರುವ ಗಾಜಿನ ಡಬ್ಬಿಯಲ್ಲಿಟ್ಟು ಫ್ರಿಜ್ಜಿಗೆ ಹಾಕಿ. ಟವೆಲನ್ನು ದಿನಾ ಬದಲಿಸಿ. ಒಂದು ವಾರದೊಳಗೆ ಮುಗಿಸಿದರೆ ಒಳ್ಳೆಯದು. ಕೆಲವರು ಅಕ್ಕಿಯಲ್ಲಿ ಹುಗಿದಿಡುತ್ತಾರೆ, ಅಕ್ಕಿ ಅದರ ನೀರನ್ನೆಲ್ಲ ಎಳೆದುಬಿಡುತ್ತದೆ. ಅದರ ಬದಲು ಡಬ್ಬಿಯೊಳಗೆ ಮೊಟ್ಟೆ ಇಡಿ. ಚಿಪ್ಪಿನ ಸಣ್ಣ ತೂತುಗಳಿಂದ ಘಮ ಒಳಗೆ ಇಳಿಯುತ್ತದೆ. ಎರಡು ದಿನ ಬಿಟ್ಟು ಅದೇ ಮೊಟ್ಟೆಯ ಆಮ್ಲೆಟ್ ಮಾಡಿ, ಈರುಳ್ಳಿ ಮೆಣಸು ಏನೂ ಹಾಕದೆ. ಟ್ರಫಲ್ ಮುಟ್ಟದೆಯೇ ಅದರ ರುಚಿ ಸಿಗುತ್ತದೆ.

ಇನ್ನು ಉಂಬ್ರಿಯಾದವರ ಅಡುಗೆ, ಸ್ಟ್ರಾಂಗೋತ್ಸಿ. ಇದು ಮೊಟ್ಟೆಯಿಲ್ಲದೆ, ಬರೀ ಹಿಟ್ಟು ನೀರು ಕಲಸಿ ಮಾಡುವ ಉದ್ದನೆಯ ಪಾಸ್ತಾ. ಸ್ಪಗೆಟ್ಟಿಯೂ ನಡೆಯುತ್ತದೆ. ಒಬ್ಬರಿಗೆ ಸುಮಾರು 10 ಗ್ರಾಂ ಟ್ರಫಲ್ ಸಾಕು. ಅಡುಗೆಗೆ ಸ್ವಲ್ಪ ಮೊದಲು ಒದ್ದೆ ಬ್ರಷ್ಷಿನಿಂದ ಗಂಟುಗಳ ನಡುವಿನ ಮಣ್ಣು ತೆಗೆದು, ಒರೆಸಿ, ಸಣ್ಣಗೆ ತುರಿಯಿರಿ. ಬಾಣಲೆಯಲ್ಲಿ ಆಲಿವ್ ಎಣ್ಣೆ ಹಾಕಿ, ಜಜ್ಜಿದ ಒಂದು ಎಸಳು ಬೆಳ್ಳುಳ್ಳಿ ಬಿಡಿ. ಅದು ಕೆಂಪಾಗುವ ಮೊದಲೇ ಹೊರಗೆ ತೆಗೆಯಿರಿ. ಉಪ್ಪಿನಲ್ಲಿಟ್ಟ ಒಂದು ಆಂಚೊವಿ ಮೀನು, ನಮ್ಮ ಕೊಲ್ಲತರುವಿನ ಬಳಗದ್ದು, ಎಣ್ಣೆಯಲ್ಲಿ ಕರಗಲಿ. ಮೀನು ತಿನ್ನದವರು ಅದನ್ನು ಬಿಟ್ಟು ಉಪ್ಪು ಚೂರು ಜಾಸ್ತಿ ಮಾಡಿಕೊಳ್ಳಿ.

ಈಗ ಒಲೆ ಆರಿಸಿ. ಆಮೇಲೆಯೇ ಟ್ರಫಲ್ ಹಾಕಬೇಕು. ಎಣ್ಣೆಯ ಬಿಸಿಗೆ ಘಮ ಏಳುತ್ತದೆ, ಕಾಯುತ್ತಲೇ ಇದ್ದರೆ ಹಾರಿಹೋಗುತ್ತದೆ. ಪಾಸ್ತಾ ಬೇಯಿಸಿದ ನೀರು ಒಂದು ಸೌಟು ಸುರಿದು, ಪಾಸ್ತಾ ಹಾಕಿ ಕಲಸಿ ತಕ್ಷಣ ಬಡಿಸಿ. ಚೀಸ್ ಬೇಡ ಎಂಬುದು ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿ ಒತ್ತು ಶ್ಯಾವಿಗೆಗೂ ಇದನ್ನು ಹಾಕುತ್ತೇವೆ. ಬಿಸಿ ಶ್ಯಾವಿಗೆಗೆ ಬೆಣ್ಣೆ, ಉಪ್ಪು, ಮೇಲೆ ಟ್ರಫಲ್ ತುರಿ, ಅಷ್ಟೇ. ತೆಂಗಿನೆಣ್ಣೆಗೂ ತುಪ್ಪಕ್ಕೂ ತಮ್ಮದೇ ಗಾಢ ಪರಿಮಳವಿದೆ. ಹಾಗಾಗಿ ಇಲ್ಲಿ ಬೆಣ್ಣೆಯೇ ವಾಸಿ. ಉಳಿದ ಚೂರುಗಳನ್ನೂ ಬೆಣ್ಣೆಯಲ್ಲಿ ಕಲಸಿ ಫ್ರೀಜರಿನಲ್ಲಿಡಿ, ಬೇಕಾದಾಗ ಒಂದು ತುಂಡು ಕತ್ತರಿಸಿಕೊಳ್ಳಬಹುದು.