ಮಗುವಿನ ಗೋಣು ಏಳಬೇಕಾದರೆ ಮೊಬೈಲು ಮೇಲೇರಬೇಕು

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ಮುಟ್ಟಿದಾಗ ಮಧ್ಯಾಹ್ನ ಮಕ್ಕಳನ್ನು ಹೊರಗೆ ಬಿಡಲಾಗದು. ಪಡಸಾಲೆಯ ತಂಪಿನಲ್ಲಿ ಅವರು ಗೋಡೆಗೆ ಅರ್ಧ ಒರಗಿ, ಮೊಬೈಲನ್ನು ತೊಡೆಯ ಮೇಲಿಟ್ಟುಕೊಂಡು, ಗದ್ದ ಎದೆಗೆ ತಾಗುವಷ್ಟು ಗೋಣು ಬಗ್ಗಿಸಿ ಕೂಡುತ್ತಾರೆ. ನಾವು ಹಾದುಹೋಗುವಾಗ ‘ನೆಟ್ಟಗ ಕೂಡು’ ಎಂದು ಗದರುತ್ತೇವೆ; ಮಗು ಅರೆಕ್ಷಣ ನೆಟ್ಟಗಾಗಿ ಮತ್ತೆ ಬಾಗುತ್ತದೆ. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ. ಪರದೆ ಕಣ್ಣಿನ ಮಟ್ಟಕ್ಕೆ ಬರದಿದ್ದರೆ ತಲೆಯೇ ಪರದೆಯ ಮಟ್ಟಕ್ಕೆ ಇಳಿಯುತ್ತದೆ. ಹೀಗಾಗಿ ಮೊದಲು ಬದಲಿಸಬೇಕಾದದ್ದು ಪರದೆ ಇರುವ ಎತ್ತರವನ್ನು.

ವಯಸ್ಕರ ತಲೆ ಸುಮಾರು 5 ಕಿಲೋ ತೂಗುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲಿಟ್ಟು ಒಯ್ಯುವುದಕ್ಕೂ ಕೈ ಚಾಚಿ ಹಿಡಿಯುವುದಕ್ಕೂ ಎಷ್ಟು ವ್ಯತ್ಯಾಸವಿದೆಯೋ, ತಲೆ ನೆಟ್ಟಗಿರುವುದಕ್ಕೂ ಮುಂದಕ್ಕೆ ಬಾಗಿರುವುದಕ್ಕೂ ಅಷ್ಟೇ ವ್ಯತ್ಯಾಸವಿದೆ. ಅಮೆರಿಕದ ಬೆನ್ನುಮೂಳೆ ಶಸ್ತ್ರವೈದ್ಯ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿ, 60 ಡಿಗ್ರಿ ಬಾಗಿದಾಗ ಕುತ್ತಿಗೆಯ ಮೇಲಿನ ಭಾರ ಸುಮಾರು 27 ಕಿಲೋ ಆಗುತ್ತದೆ ಎಂದರು. ಅದು ವಯಸ್ಕರ ಲೆಕ್ಕ. ಆದರೆ ಮಕ್ಕಳಲ್ಲಿ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಕುತ್ತಿಗೆಯ ಸ್ನಾಯುಗಳು ಇನ್ನೂ ಎಳೆಯವು.

ಎತ್ತರ ಸರಿಪಡಿಸಲು ದುಬಾರಿ ಸ್ಟ್ಯಾಂಡ್ ಬೇಕಿಲ್ಲ. ಪುರಾಣ ಓದಲು ಗ್ರಂಥ ಇಡುತ್ತಿದ್ದ ವ್ಯಾಸಪೀಠ ಅಟ್ಟದಲ್ಲಿದ್ದರೆ (ಅದು ಧೂಳು ತಿನ್ನುವುದಕ್ಕಿಂತ ಈ ಕೆಲಸಕ್ಕೆ ಬರುವುದು ಮೇಲು) ಅದನ್ನು ಅಲುಗಾಡದ ಪೆಟ್ಟಿಗೆಯ ಮೇಲಿಟ್ಟು, ಪರದೆಯ ಮೇಲಂಚು ಮಗುವಿನ ಕಣ್ಣಿನ ಮಟ್ಟಕ್ಕೆ ಅಥವಾ ತುಸು ಕೆಳಗೆ, ಒಂದು ತೋಳಿನ ದೂರದಲ್ಲಿ ಬರುವಂತೆ ಆನಿಸಿರಿ. ನೋಡುವುದಕ್ಕೆ ಇಷ್ಟು ಸಾಕು. ಟೈಪ್ ಮಾಡುವುದಿದ್ದರೆ ಎತ್ತರದ ಪರದೆಗೆ ಕೈ ಎತ್ತಿ ಭುಜ ನೋಯುತ್ತದೆ. ಆಗ ಬೇರೆ ಕೀಲಿಮಣೆಯನ್ನು ಮೊಣಕೈ ಮಟ್ಟದಲ್ಲಿ ಇಟ್ಟುಕೊಡಬೇಕು.

ನೆಲದ ಮೇಲೆ ಕೂಡುವುದೇ ತಪ್ಪು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂಡಿಸಿದರೆ ಸೊಂಟ ಮೊಣಕಾಲಿಗಿಂತ ಮೇಲೆ ಬಂದು ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ. ಬಟ್ಟೆಯ ಸಣ್ಣ ಸುರುಳಿಯೊಂದನ್ನು ಸೊಂಟಕ್ಕೂ ಗೋಡೆಗೂ ನಡುವೆ ಇಡಬಹುದು. ದೊಡ್ಡವರ ಕುರ್ಚಿಯಲ್ಲಿ ಕೂತ ಮಗುವಿನ ಕಾಲು ಜೋತಾಡುತ್ತಿದ್ದರೆ ಪಾದದಡಿ ಮಣೆ ಇಡಿರಿ. ಹೊರಸಿನ ಮೇಲೆ ಬೋರಲು ಮಲಗಿ ನೋಡುವುದನ್ನು ಮಾತ್ರ ಪೂರ್ತಿ ಬಿಡಿಸಬೇಕು.

ಎಷ್ಟೇ ಒಳ್ಳೆಯ ಭಂಗಿಯಾದರೂ ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮನೆ ಇರಬಾರದು. ‘ವ್ಯಾಯಾಮ ಮಾಡು’ ಎಂದರೆ ಏಳದ ಮಗು ‘ಅಜ್ಜನಿಗೆ ನೀರು ಕೊಟ್ಟು ಬಾ’ ಎಂದರೆ ಏಳುತ್ತದೆ. ಎದ್ದಾಗ ಗೋಡೆಗೆ ಬೆನ್ನು ಹಚ್ಚಿ ನಿಲ್ಲಿಸಿ, ಮುಖ ಮೇಲೆತ್ತದೆ ಗದ್ದವನ್ನು ಹಿಂದಕ್ಕೆ ಎಳೆದು 5 ಸೆಕೆಂಡ್ ಹಿಡಿದು ಬಿಡುವುದನ್ನು ಐದಾರು ಸಲ ಮಾಡಿಸಿರಿ, ನೋವಾದರೆ ನಿಲ್ಲಿಸಿರಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 2ರಿಂದ 4 ವರ್ಷದವರಿಗೆ ಕೂತು ಪರದೆ ನೋಡುವ ಸಮಯ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ. ಬೇಸಿಗೆಯಲ್ಲಿ ಆಟವನ್ನು ಬೆಳಗಿನ ತಂಪಿಗೂ ಸಂಜೆಗೂ ಹಂಚಬೇಕು.

ನೋವು ಎರಡು ವಾರ ದಾಟಿದರೆ, ರಾತ್ರಿ ನಿದ್ದೆ ಕೆಡಿಸಿದರೆ, ಕೈ ಜುಮುಗುಟ್ಟಿದರೆ ಅಥವಾ ಬಲ ಕುಂದಿದರೆ ವೈದ್ಯರಿಗೆ ತೋರಿಸಬೇಕು. ಜ್ವರದ ಜೊತೆ ಕುತ್ತಿಗೆ ಸೆಟೆದುಕೊಂಡರೆ ಅದು ಮೊಬೈಲಿನ ನೋವೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಗೋಣು ಹಿಡಿದು ತಿರುವಿ ‘ಲಟಕ್’ ಅನ್ನಿಸುವವರ ಕೈಗೆ ಮಗುವನ್ನು ಎಂದಿಗೂ ಕೊಡಬೇಡಿರಿ.