ಬಾಟಲಿ ತಳ ಬಿಟ್ಟ ಡಿಸೆಂಬರ್

"ಅಕ್ಕಾ, ಇದೂ ತಳ ಬಿಡ್ತು!"

ಆ ಬೆಳಿಗ್ಗೆ ಈ ಮಾತು ಕೇಳಿದ್ದು ಆರನೇ ಸಲ. ಕೆಲಸದ ಹುಡುಗಿ ಸಾಸು ತುಂಬಿದ ಬಾಟಲಿಯ ಕತ್ತು ಹಿಡಿದು ಎತ್ತಿದ್ದಳು. ಬಾಟಲಿ ಕೈಗೆ ಬಂದಿತ್ತು, ತಳ ಮಾತ್ರ ಕಡಪ ಕಲ್ಲಿನ ಮೇಲೆ ಬಿಲ್ಲೆಯ ಹಾಗೆ ಕೂತಿತ್ತು. ನಡುವಿನ ಅರ್ಧ ಕೆಜಿ ಸಾಸು ನೆಲದ ಪಾಲು. ಚೂರು ಸಿಡಿದಿರಲಿಲ್ಲ, ದೊಡ್ಡ ಸದ್ದೂ ಇರಲಿಲ್ಲ. ಬೆರಳು ನೆಟಿಗೆ ತೆಗೆದಂತೆ ಒಂದು 'ಟಕ್', ಅಷ್ಟೆ.

ನಮ್ಮದು ಶ್ರೀನಿವಾಸಪುರದ ಪಕ್ಕದ ಹಳ್ಳಿ. ಮಾವಿನ ಕಾಲದಲ್ಲಿ ಜಾಮು, ಮಿಕ್ಕ ತಿಂಗಳಲ್ಲಿ ಟೊಮೆಟೊ ಸಾಸು ಮಾಡಿ ಮಾರುತ್ತೇವೆ. ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸಿನ ರೇಟು ಬಿದ್ದಾಗ ನಮಗೆ ಕೈತುಂಬ ಕೆಲಸ. 2023ರ ಜುಲೈನಲ್ಲಿ ಬಾಕ್ಸು 2000 ರೂಪಾಯಿ ದಾಟಿತಲ್ಲ, ಅಂಥ ಸಮಯದಲ್ಲಿ ಒಲೆಗೆ ರಜೆ.

ತಲೆ ಕೆಡಿಸಿದ್ದು ಏನೆಂದರೆ, ಅದೇ ಅಂಗಡಿಯ ಅದೇ ಬಾಟಲಿ ಮೇ ತಿಂಗಳಲ್ಲಿ ನೂರಕ್ಕೆ ಒಂದೋ ಎರಡೋ ಒಡೆದಿತ್ತು. ಅಂಗಡಿಯವರಿಗೆ ಫೋನ್ ಮಾಡಿದರೆ "ನೀವು ಸಾಸು ಜಾಸ್ತಿ ಕಾಯಿಸ್ತೀರಮ್ಮ" ಅಂದರು. ಸಾಸು ತುಂಬುವುದು ಯಾವಾಗಲೂ 88 ಡಿಗ್ರಿಯಲ್ಲಿ, ಥರ್ಮಾಮೀಟರ್ ನೋಡಿಕೊಂಡೇ. ಅತ್ತೆ ಮಾತ್ರ "ಯಾರದೋ ಕಣ್ಣು ಬಿದ್ದಿದೆ" ಎಂದು ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ದೃಷ್ಟಿ ಆಗಿದ್ದರೆ ಘಾಟು ಬರುವುದಿಲ್ಲವಂತೆ. ನಾವೆಲ್ಲ ಕೆಮ್ಮಿ ಕೆಮ್ಮಿ ಹೊರಗೆ ಓಡಿದೆವು. ಅಲ್ಲಿಗೆ ದೃಷ್ಟಿ ಅಲ್ಲ ಎಂದಾಯಿತು.

ಹೊರಗೆ ನಿಂತಾಗಲೇ ಹೊಳೆದದ್ದು: ಸಾಸಿನ ಬಿಸಿ ನೋಡುತ್ತೇನೆ, ಬಾಟಲಿಯ ಬಿಸಿ ಎಂದೂ ನೋಡಿಲ್ಲವಲ್ಲ! ರಾತ್ರಿಯಿಡೀ ಶೀಟಿನ ಶೆಡ್ಡಿನಲ್ಲಿದ್ದ ಬಾಟಲಿಗಳ ನಡುವೆ ಥರ್ಮಾಮೀಟರ್ ಇಟ್ಟೆ. 15 ಡಿಗ್ರಿ. ಅಂದರೆ ಸಾಸಿಗೂ ಗಾಜಿಗೂ 73 ಡಿಗ್ರಿ ಅಂತರ. ಮೇನಲ್ಲಿ ಅದೇ ಶೆಡ್ಡು 35 ಮುಟ್ಟಿರುತ್ತದೆ, ಅಂತರ 53ಕ್ಕೆ ಇಳಿಯುತ್ತದೆ. ಗಾಜಿಗೆ 88 ಡಿಗ್ರಿ ಏನೇನೂ ಅಲ್ಲ, ಕುಲುಮೆಯಲ್ಲಿ ಸಾವಿರ ಡಿಗ್ರಿ ದಾಟಿ ಕಾದು ಬಂದ ವಸ್ತು ಅದು. ಅದಕ್ಕೆ ಆಗದಿರುವುದು ಒಂದು ಮೈ ಬಿಸಿ, ಇನ್ನೊಂದು ಮೈ ತಣ್ಣಗೆ ಇರುವುದು.

ಪಿಯುಸಿಗೆ ಫಿಸಿಕ್ಸ್ ಹೇಳುವ ನನ್ನ ಮೈದುನ ಹಾಳೆಯ ಮೇಲೆ ಲೆಕ್ಕ ಮಾಡಿ ತೋರಿಸಿದ. ಸಾಮಾನ್ಯ ಬಾಟಲಿ ಗಾಜು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿ ಬಿಸಿಗೆ, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂಬತ್ತು ಪಾಲಿನಷ್ಟು ಹಿಗ್ಗುತ್ತದೆ. ನಮ್ಮ ಬಾಟಲಿಯ ಸುತ್ತಳತೆ 20 ಸೆಂಟಿಮೀಟರ್. 73 ಡಿಗ್ರಿಗೆ ಒಳಮೈ 0.13 ಮಿಲಿಮೀಟರ್ ಹಿಗ್ಗಲು ನೋಡುತ್ತದೆ. ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪಕ್ಕಿಂತ ತುಸು ಹೆಚ್ಚು. ಇಷ್ಟಕ್ಕೆಲ್ಲ ಒಡೆಯುತ್ತದೆಯೇ ಎಂದು ನಾನು ನಕ್ಕೆ. "ಅತ್ತಿಗೆ, ಇದು ರಬ್ಬರಲ್ಲ" ಅಂದ. ಬಿಸಿ ಒಳಮೈ ಹೊರಕ್ಕೆ ದೂಡುತ್ತದೆ, ಇನ್ನೂ ತಣ್ಣಗಿರುವ ಹೊರಮೈ ಬಿಗಿಯಾದ ಬಳೆಯ ಹಾಗೆ ಎಳೆತಕ್ಕೆ ಸಿಕ್ಕುತ್ತದೆ. ಗಾಜನ್ನು ಅದುಮಿದರೆ ಎಷ್ಟು ಬೇಕಾದರೂ ತಾಳುತ್ತದೆ, ಎಳೆದರೆ ತಾಳುವುದಿಲ್ಲ. ಸ್ಟೀಲ್ ಲೋಟವಾದರೆ ಬಿಸಿ ಆಚೆ ಬದಿಗೆ ಕ್ಷಣದಲ್ಲಿ ದಾಟಿಬಿಡುತ್ತದೆ. ಗಾಜು ಸ್ಟೀಲಿನ ಹತ್ತನೇ ಒಂದು ಪಾಲಿನಷ್ಟೂ ಶಾಖ ದಾಟಿಸುವುದಿಲ್ಲ, ಹಾಗಾಗಿ ಆ ಅಂತರ ಒಳಗೇ ಉಳಿದುಕೊಳ್ಳುತ್ತದೆ.

ತಳವೇ ಯಾಕೆ ಹೋಗುತ್ತದೆ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಗಾಜು ದಪ್ಪವಾದಷ್ಟೂ ಗಟ್ಟಿ ಎಂದು ನಾನು ನಂಬಿದ್ದೆ. ಬಿಸಿಯ ವಿಷಯದಲ್ಲಿ ಅದು ತಲೆಕೆಳಗು. ಹೋಟೆಲಿನ ತೆಳು ಟೀ ಗ್ಲಾಸು ಕುದಿಯುವ ಟೀ ತಾಳುತ್ತದೆ, ಮನೆಯ ದಪ್ಪ ತಳದ ಜ್ಯೂಸ್ ಗ್ಲಾಸು ಸೀಳುತ್ತದೆ. ಬಾಟಲಿಯ ಗೋಡೆ ತೆಳು, ತಳ ದಪ್ಪ. ಗೋಡೆ ಬೇಗ ಕಾಯುತ್ತದೆ, ತಳ ಹಿಂದೆ ಬೀಳುತ್ತದೆ. ಎರಡೂ ಸೇರುವ ಅಂಚಿನಲ್ಲಿ ಸೀಳು ಸುತ್ತು ಹೊಡೆಯುತ್ತದೆ. ಸಾಲದ್ದಕ್ಕೆ ನಾವು ಇಟ್ಟಿದ್ದದ್ದು ಚಳಿಗೆ ಮಂಜುಗಡ್ಡೆಯಂತಾದ ಕಡಪ ಕಲ್ಲಿನ ಮೇಲೆ!

ಇದಕ್ಕೆಂದೇ ಬೇರೆ ಗಾಜು ಇದೆ, ಬೊರೊಸಿಲಿಕೇಟ್. ಅದು ಹಿಗ್ಗುವುದು ಬಾಟಲಿ ಗಾಜಿನ ಮೂರನೇ ಒಂದು ಪಾಲಿನಷ್ಟು. ಅಮೆರಿಕದ ಕಾರ್ನಿಂಗ್ ಕಂಪನಿ ಅಂಥ ಗಾಜನ್ನು ಮೊದಲು ಮಾಡಿದ್ದು ರೈಲ್ವೆ ಲಾಟೀನಿಗೆ, ಕಾದ ಗಾಜಿಗೆ ಮಳೆಹನಿ, ಹಿಮ ಬಿದ್ದು ಒಡೆಯುತ್ತಿತ್ತಲ್ಲ, ಅದಕ್ಕೆ. 1913ರಲ್ಲಿ ಅಲ್ಲಿನ ವಿಜ್ಞಾನಿಯೊಬ್ಬರ ಹೆಂಡತಿ ಬೆಸ್ಸಿ ಲಿಟಲ್‌ಟನ್ ಆ ಗಾಜಿನ ಬ್ಯಾಟರಿ ಜಾಡಿಯನ್ನು ಕತ್ತರಿಸಿ ತರಿಸಿಕೊಂಡು ಅದರಲ್ಲೇ ಕೇಕ್ ಬೇಯಿಸಿದರು. 1915ಕ್ಕೆ ಪೈರೆಕ್ಸ್ ಪಾತ್ರೆ ಮಾರುಕಟ್ಟೆಗೆ ಬಂತು. ಒಲೆ ಮುಂದೆ ನಿಲ್ಲುವವರಿಗೇ ಇಂಥದ್ದು ಹೊಳೆಯುವುದು ಎಂದು ನನ್ನ ಗುಮಾನಿ. ನನ್ನ ಹತ್ತಿರ ಇರುವ ಅಳತೆಯ ಬೀಕರ್ ಆ ಜಾತಿಯದು. ಸಾಸನ್ನು ಅಂಥ ಬಾಟಲಿಯಲ್ಲಿ ತುಂಬಿದರೆ ಮಾತ್ರ ಸಾಸಿಗಿಂತ ಬಾಟಲಿಯೇ ದುಬಾರಿ.

ಹಾಗಾಗಿ ಹಂಡೆ ಹಿಡಿದೆ. ತೊಳೆದ ಬಾಟಲಿಗಳನ್ನು ಮೊದಲು 45 ಡಿಗ್ರಿ ನೀರಿಗೆ ಇಳಿಸುತ್ತೇವೆ, ತಳಕ್ಕೆ ಬಟ್ಟೆ ಹಾಸಿ. ಆಮೇಲೆ ಉರಿ ಹೆಚ್ಚಿಸಿ ನಿಧಾನಕ್ಕೆ 75ಕ್ಕೆ ತರುತ್ತೇವೆ. ತೆಗೆದು ಬೋರಲು ಹಾಕಿ, ನೀರು ಬಸಿದ ಕೂಡಲೇ ಸಾಸು. ಒಟ್ಟಿಗೆ ಎಂಟು ಬಾಟಲಿಗಿಂತ ಹೆಚ್ಚು ತೆಗೆಯುವುದಿಲ್ಲ, ಒಂಬತ್ತನೆಯದರ ಸರದಿ ಬರುವಷ್ಟರಲ್ಲಿ ಅದು ಆರಿರುತ್ತದೆ. ಕಲ್ಲಿನ ಮೇಲೆ ಈಗ ಮರದ ಹಲಗೆ, ಅದರ ಮೇಲೆ ಮಡಿಸಿದ ಗೋಣಿಚೀಲ.

ಇಷ್ಟು ಕಲಿತ ಮೇಲೂ ಜನವರಿಯಲ್ಲಿ ನಾನೇ ಎಡವಿದೆ. ಬಸ್ಸಿಗೆ ಪೆಟ್ಟಿಗೆ ಹಾಕುವ ಆತುರ. ಮುಚ್ಚಳ ಹಾಕಿದ ಬಾಟಲಿ ಬೇಗ ಆರಲಿ ಎಂದು ಪೈಪು ಹಿಡಿದು ತಣ್ಣೀರು ಬಿಟ್ಟೆ. 40ರಲ್ಲಿ ಒಂಬತ್ತು ಹೋದವು. ತಣ್ಣೀರು ತಾಗಿದ ಹೊರಮೈ ತಕ್ಷಣ ಕುಗ್ಗುತ್ತದೆ, ಬಿಸಿ ಒಳಮೈ ಕುಗ್ಗಲು ಬಿಡುವುದಿಲ್ಲ. ಎಳೆತವೆಲ್ಲ ಹೊರಮೈಗೆ, ಅದೂ ಒಮ್ಮೆಲೇ. ನಿಧಾನವಾಗಿ ಬಿಸಿ ಏರುವುದಕ್ಕಿಂತ ಇದು ಕ್ರೂರ. ಕಾರ್ಖಾನೆಗಳು ಬಾಟಲಿಯನ್ನು ಪರೀಕ್ಷಿಸುವುದೂ ಹೀಗೇ, ಬಿಸಿನೀರಿನಿಂದ ತಣ್ಣೀರಿಗೆ ಇಳಿಸಿ. ವಾಡಿಕೆಯ ಅಂತರ 42 ಡಿಗ್ರಿ. ನಾನು ಕೊಟ್ಟದ್ದು 60ಕ್ಕೂ ಮೇಲೆ. ಒಡೆದದ್ದರ ಜೊತೆ ಅಕ್ಕಪಕ್ಕದ ಬಾಟಲಿಗಳನ್ನೂ ಚೆಲ್ಲಿದೆ. ಗಾಜಿನ ಚೂರು ಎಲ್ಲಿ ಹೊಕ್ಕಿದೆ ಎಂದು ಯಾರು ಹೇಳಬೇಕು? ಈಗ 60ರ ತೊಟ್ಟಿ, ಆಮೇಲೆ 40ರದು, ಕೊನೆಗೆ ಬೋರ್ ನೀರು.

ಆ ಒಂಬತ್ತನ್ನು ಜೋಡಿಸಿ ನೋಡಿದಾಗ ಏಳರಲ್ಲಿ ಸೀಳು ಹುಟ್ಟಿದ್ದು ಹಳೆಯ ಗೀರಿನಲ್ಲಿ. ಮೊದಮೊದಲು ಗುಜರಿಯಿಂದ ಅಗ್ಗಕ್ಕೆ ತಂದ ಬಾಟಲಿಗಳವು, ಕ್ರೇಟಿನಲ್ಲಿ ಒಂದಕ್ಕೊಂದು ಉಜ್ಜಿ ಮೈತುಂಬ ಗೀರು. ಎಳೆತವೆಲ್ಲ ಗೀರಿನ ತುದಿಗೇ ಬಂದು ಸೇರುತ್ತದೆ. ಅಂಥದ್ದು ಅಂದು ಉಳಿದರೂ ಮಾರನೇ ದಿನ ಕಪಾಟಿನಲ್ಲಿ ತಾನಾಗಿ ಸೀಳಿದ್ದಿದೆ. ಗುಜರಿ ಬಾಟಲಿ ಅಂದಿಗೇ ಬಂದ್, ತಂತಿ ಬ್ರಷ್ಷೂ ಬಂದ್.

ಕಳೆದ ಚಳಿಗಾಲದಲ್ಲಿ ಆರುನೂರು ಬಾಟಲಿ ತುಂಬಿದೆವು. ಹೋದದ್ದು ನಾಲ್ಕು. ಅದರಲ್ಲಿ ಮೂರು ನನ್ನ ಕೈಜಾರಿ ಬಿದ್ದದ್ದು.