ಟರ್ಬೊ ಡೀಸೆಲ್ ಏರು ಹತ್ತುವಾಗ ತಿಣುಕುತ್ತಿದೆಯಾ?

ಸಮತಟ್ಟು ರಸ್ತೆಯಲ್ಲಿ ಚೆನ್ನಾಗೇ ಓಡುವ ಹಳೆ ಗಾಡಿ ಏರು ಬಂದ ಕೂಡಲೇ ಸುಸ್ತಾದರೆ, ಟರ್ಬೊನೇ (ಎಂಜಿನ್ನಿಗೆ ಒತ್ತಡದಲ್ಲಿ ಗಾಳಿ ತುಂಬುವ ಭಾಗ) ಹೋಯಿತು ಅಂತ ಸುಮ್ನೆ ಗಾಬರಿಯಾಗಬೇಡಿ. ಮೊದಲು ಹೊಗೆ ನೋಡಿ. ಆಕ್ಸಿಲರೇಟರ್ ಒತ್ತಿದಾಗ ದಟ್ಟ ಕಪ್ಪು ಹೊಗೆ ಬಂದರೆ ಸಾಮಾನ್ಯವಾಗಿ ಗಾಳಿ ಸಾಲುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದೆ ತಿಣುಕಿದರೆ ಡೀಸೆಲ್ ಫಿಲ್ಟರ್ ಮೇಲೆ ಅನುಮಾನ ಪಡಿ.

ಗಾಳಿಯ ಕಡೆ ಹೆಚ್ಚಾಗಿ ಕೈಕೊಡುವುದು ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್‌ನ ರಬ್ಬರ್ ಪೈಪ್. ನನ್ನ ಕಾರಿನಲ್ಲೂ ಇದೇ ಆಗಿತ್ತು. ಮೇಲಿಂದ ನೋಡಿದರೆ ಪೈಪ್ ಸರಿಯಾಗೇ ಇತ್ತು, ಆದರೆ ಕ್ಲಿಪ್ ಪಕ್ಕದಲ್ಲಿ ಎಣ್ಣೆ ಜಿಡ್ಡು. ಎಂಜಿನ್ ತಣ್ಣಗಾದ ಮೇಲೆ ಕೈಯಿಂದ ಹಿಂಡಿದಾಗ ಅಡಿಭಾಗದ ಸೀಳು ಬಾಯಿಬಿಟ್ಟಿತು! ಒತ್ತಡ ಏರಿದಾಗ ಮಾತ್ರ ತೆರೆದುಕೊಳ್ಳುತ್ತದೆ ಅಲ್ವಾ, ಅದಕ್ಕೇ ಗಾಡಿ ನಿಂತಲ್ಲೇ ಎಂಜಿನ್ ಓಡುವ ಐಡಲ್‌ನಲ್ಲಿ ಗೊತ್ತಾಗುವುದಿಲ್ಲ. ಓಡಿಸುವಾಗ 'ಸುಸ್' ಅನ್ನುವ ಸದ್ದಿಗೂ ಕಿವಿ ಕೊಡಿ. ಟರ್ಬೊದ ಒತ್ತಡ ಹತೋಟಿ ಮಾಡುವ ಆಕ್ಚುಯೇಟರ್‌ಗೆ ತೆಳು ವ್ಯಾಕ್ಯೂಮ್ ಪೈಪ್ ಇದ್ದರೆ ಅದನ್ನೂ ನೋಡಿ, ಬಿಸಿಗೆ ಬಿರುಕು ಬಿಡುತ್ತದೆ.

ಏರಿನಲ್ಲಿ ಇದ್ದಕ್ಕಿದ್ದಂತೆ ಶಕ್ತಿ ಬಿದ್ದು, ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದಾ? ಗಾಡಿ ದೋಷ ಕಂಡಾಗ ತಾನೇ ಶಕ್ತಿ ತಗ್ಗಿಸಿಕೊಳ್ಳುವ ಲಿಂಪ್ ಮೋಡ್‌ಗೆ ಹೋಗಿರುವ ಸಾಧ್ಯತೆ ಜಾಸ್ತಿ. ಸ್ಕ್ಯಾನರ್ ಹಾಕಿಸಿ ದೋಷದ ಕೋಡ್ ಓದಿಸಿ. ಅದಕ್ಕೂ ಮೊದಲು ಬ್ಯಾಟರಿ ಕಳಚಬೇಡಿ, ಕೋಡ್ ಅಳಿಸಿಹೋಗಬಹುದು.